ಮೂರು ಸುಳ್ಳು ಹನಿಗಳು

ಹುಣಸೆಹಣ್ಣು, ಒಲೆಯ ಬೂದಿ, ಒದ್ದೆಯಾದ ಹಳೆಯ ಅಲ್ಯೂಮಿನಿಯಂ. ಈ ಮೂರೂ ಒಂದು ಕಡೆ ಸೇರಿದರೆ ಒಂದು ವಾಸನೆ ಏಳುತ್ತದೆ. ಪೂರ್ತಿ ಹುಳಿಯೂ ಅಲ್ಲ, ತುಕ್ಕಿನದೂ ಅಲ್ಲ. ನಾಲಿಗೆಯ ಮೇಲೆ ಹಳೆಯ ನಾಣ್ಯ ಇಟ್ಟುಕೊಂಡ ಹಾಗೆ. ಹೋದ ತಿಂಗಳು ನಮ್ಮ ಹಿತ್ತಲಿನಲ್ಲಿ ಆ ವಾಸನೆ ಎದ್ದಾಗ ನಾನು ಚಹಾದ ಕಪ್ಪು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಎಪ್ಪತ್ತೆರಡು ವರ್ಷವಾದರೂ ಕಮರಿಪೇಟೆಯಲ್ಲಿ ಒಬ್ಬರ ಮುಂದೆಯೂ ಬಾಯಿ ಮುಚ್ಚದ ನಾನು, ಮಾತು ಮರೆತು ನಿಂತಿದ್ದೆ.

"ಯಾಕ್ರೀ, ಹುಷಾರದೀರಿಲ್ಲೋ?" ಎಂದಳು ನಮ್ಮ ಮನೆಯವಳು, ತಿಕ್ಕುವುದನ್ನು ಬಿಟ್ಟು.

ಅವಳು ತಿಕ್ಕುತ್ತಿದ್ದದ್ದು ಪಾತ್ರೆಯನ್ನಲ್ಲ, ದೋಣಿಯನ್ನು.

ಹೌದು, ದೋಣಿಯನ್ನೇ. ಹೊಳೆಯಿಲ್ಲದ, ನಳದ ನೀರಿಗೆ ದಿನ ಎಣಿಸುವ ಹುಬ್ಬಳ್ಳಿಯ ಓಣಿಯಲ್ಲಿ ಮೀನು ಹಿಡಿಯುವ ದೋಣಿ! ನಲವತ್ತು ವರ್ಷದಿಂದ ಅದು ನಮ್ಮ ಹಿತ್ತಲಿನ ಬಚ್ಚಲ ಒಲೆಯ ಮೇಲೆ ಬೋರಲು ಬಿದ್ದುಕೊಂಡು ಚಾವಣಿಯ ಕೆಲಸ ಮಾಡುತ್ತಿತ್ತು. ಧಾರವಾಡದ ಮಾಳಮಡ್ಡಿಯಿಂದ ಬಂದಿದ್ದ ಮಗಳು ಅದನ್ನು ನೋಡಿ, "ಅಪ್ಪಾ, ಈ ಡಬ್ಬಿನ್ನ ಮೋಡಕಾದವಗ ಹಾಕಿಬಿಡೂಣು. ಜಾಗಾ ಆಗ್ತೈತಿ" ಎಂದಳು. ಮುರಿದ ಸಾಮಾನು ಕೊಳ್ಳುವವನಿಗೆ, ಅಂದರೆ ಕರಗಿಸುವವನಿಗೆ.

"ಡಬ್ಬಿ ಅಂತೀಯಲ್ಲವ್ವಾ! ಒಂದ್ ತಿಂಗಳ ಮುಗಿಯೂದರೊಳಗ ಇದರಾಗ ನಿನ್ನ ಕುಂಡ್ರಿಸಿ ಕೆರಿ ತಿರಗಸ್ತೇನಿ, ನೋಡ್ತಿರು" ಎಂದೆ.

ಅವಳ ಜೊತೆ ಬಂದಿದ್ದ ಗಂಡ, ನಮ್ಮ ಅಳಿಯಂದಿರು, ನಕ್ಕರು. ಸರಕಾರಿ ಕಚೇರಿಯ ಮನುಷ್ಯ. ಸೀನುವುದಕ್ಕೂ ಪರವಾನಗಿ ಬೇಕೇನೋ ಎಂದು ಯೋಚಿಸುವವರು. ಅವರು ನಕ್ಕಿದ್ದಕ್ಕೇ ನನಗೆ ಹಟ ಬಂತು. ಇಲ್ಲದಿದ್ದರೆ ಆ ದೋಣಿಯನ್ನು ಮಗುಚುವ ಧೈರ್ಯ ನನಗೆ ಇನ್ನೂ ನಲವತ್ತು ವರ್ಷ ಬರುತ್ತಿರಲಿಲ್ಲ. ಯಾಕೆಂದರೆ ಆ ದೋಣಿ ನನ್ನದಲ್ಲ. ಅದು ಕಾಕಾನದು...

ನನಗೆ ಸೈಕಲ್ ಅಂಗಡಿ ಇತ್ತು. ಜಂಬ ಎಂದುಕೊಳ್ಳಬೇಡಿ, ಹುಬ್ಬಳ್ಳಿಯಲ್ಲಿ ನನ್ನಷ್ಟು ಪಂಕ್ಚರ್ ತೆಗೆದವನು ಹುಟ್ಟಿಲ್ಲ. ಟ್ಯೂಬನ್ನು ಕಿವಿಯ ಹತ್ತಿರ ಹಿಡಿದರೆ ಸಾಕು, ತೂತು ತಾನೇ ಬಂದು ಹೇಳಿಕೊಳ್ಳುತ್ತಿತ್ತು. ನನ್ನ ಅಂಗಡಿಗೆ ಗೋಡೆ ಹಚ್ಚಿ ಕಾಕಾನ ಅಂಗಡಿ, ಹುಣಸೆಹಣ್ಣು ಬೂದಿಯ ಆ ವಾಸನೆ ದಿನವೆಲ್ಲ ಬರುತ್ತಿದ್ದದ್ದು ಅಲ್ಲಿಂದಲೇ. ರಕ್ತಸಂಬಂಧವೇನೂ ಇಲ್ಲ. ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ತಗ್ಗು ಬಿದ್ದ ಪಾತ್ರೆಗಳನ್ನು ಕಟ್ಟಿಗೆಯ ಕೊಡತಿಯಿಂದ ಬಡಿದು ನೆಟ್ಟಗೆ ಮಾಡುವುದು, ತೂತಿಗೆ ತಗಡಿನ ತ್ಯಾಪಿ ಹಚ್ಚುವುದು, ಮದುವೆಯ ಪಾತ್ರೆಗಳ ಮೇಲೆ ಚಿಕ್ಕ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಯುವುದು ಅವರ ಕೆಲಸ. ಅವರ ಅಕ್ಷರಗಳು ಎಲ್ಲವೂ ಸ್ವಲ್ಪ ಎಡಕ್ಕೆ ವಾಲುತ್ತಿದ್ದವು, ಗಾಳಿಗೆ ಬಾಗಿದ ಜೋಳದ ಹಾಗೆ. ನಮ್ಮಾಕೆ ಮದುವೆಯಾಗಿ ಬಂದಾಗ ತಂದ ಕೊಡದಿಂದ ಚಮಚದವರೆಗೂ ಅವರದೇ ಕೈ.

ಪಕ್ಕದಲ್ಲಿ ಅಂಥ ಸಾಧು ಮನುಷ್ಯ ಇದ್ದರೆ ನನ್ನಂಥವನು ಸುಮ್ಮನಿರುತ್ತಾನೆಯೇ? ಅವರ ನಶ್ಯದ ಡಬ್ಬಿಗೆ ಇದ್ದಿಲ ಪುಡಿ ಬೆರೆಸಿದೆ. ಮೂರು ದಿನ ಕರಿ ಸೀನು ಸೀನಿದರು. ಮಧ್ಯಾಹ್ನ ಅವರು ತೂಕಡಿಸುವಾಗ ಬಾಯಿ ಕಿರಿದಾದ ಚಹಾ ಕಿಟ್ಲಿಯೊಳಗೆ ಸೈಕಲ್ಲಿನ ಛರ್ರಾ, ಆ ಸಣ್ಣ ಉಕ್ಕಿನ ಗುಂಡುಗಳನ್ನು, ಹಾಕಿಟ್ಟೆ. ಅದು ಯಾಕೆ ಗಲಗಲ ಅನ್ನುತ್ತದೆ ಎಂದು ಅರ್ಧ ದಿನ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಪ್ರತಿ ಸಲವೂ "ಹತ್ ಮಂಗ್ಯಾ!" ಎಂದು ಒಂದು ಮಾತು, ಮತ್ತೆ ಕೊಡತಿಯ ಸಪ್ಪಳ. ಒಂದು ಸಲವೂ ಅವರು ನನಗೆ ತಿರುಗಿಸಿ ಕೊಡಲಿಲ್ಲ. ಕೊಡಲಿಕ್ಕೆ ಬರುವುದಿಲ್ಲ ಎಂದೇ ತಿಳಿದಿದ್ದೆ.

ಕಾಕು ಹೊಳೆಯ ದಂಡೆಯ ಊರಿನವರು. ಅವರ ತವರಿನವರೆಲ್ಲ ದೋಣಿ ನಡೆಸಿ, ಮೀನು ಹಿಡಿದು ಬದುಕಿದವರು. ಆಮೇಲೆ ಅಣೆಕಟ್ಟಿನ ಹಿನ್ನೀರು ಬಂದು ಊರನ್ನು ನುಂಗಿತು, ಮಂದಿ ದಿಕ್ಕಿಗೊಬ್ಬರಾದರು. ಕಾಕುಗೆ ಹೋಗಲಿಕ್ಕೆ ತವರೂ ಉಳಿಯಲಿಲ್ಲ, ಕೂರಲಿಕ್ಕೆ ದೋಣಿಯೂ ಉಳಿಯಲಿಲ್ಲ. ಉಳಿದದ್ದು ಒಂದು ಕತೆ. ಅದನ್ನು ಅವರು ಓಣಿಯ ಹೆಂಗಸರಿಗೆಲ್ಲ ಹೇಳುತ್ತಿದ್ದರು, ಕಾಕಾನ ಎದುರಿಗೇ.

"ಮದವಿ ಮಾಡ್ಕೊಂಡು ಹೊಳಿ ದಾಟಬೇಕಾದ್ರ ನಿಮ್ಮ ಕಾಕಾ ಏನ್ ಮಾಡಿದ್ರು ಗೊತ್ತೈತೇನ್ರೆ? ಬಾಸಿಂಗ ಕಟ್ಟಿಕೊಂಡು, ಎರಡೂ ಕೈಲೆ ದೋಣಿ ಹಿಡಕೊಂಡು, ಕಣ್ ಮುಚ್ಚಿ ಕುಂತಬಿಟ್ರು! ನಮ್ಮಪ್ಪ ಅಂದ, ಏನವಾ, ನಿನ್ನ ಗಂಡ ಜಪಾ ಮಾಡಾಕತ್ತಾನೇನು ಅಂತ."

ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಕಾಕಾ ತಲೆ ಎತ್ತದೆ ಕೊಡತಿ ಆಡಿಸುತ್ತ, "ಇರ್ಲಿ, ಒಂದಿನಾ ನಿನ್ನ ಕುಂಡ್ರಿಸಿ ನಾನ ನಡಸ್ತೇನಿ. ಕಣ್ ತಗದು ನಡಸ್ತೇನಿ" ಎನ್ನುತ್ತಿದ್ದರು. ಕಾಕು ಆಗ ನಗುವುದನ್ನು ನಿಲ್ಲಿಸಿ ಅವರ ಕಡೆ ಒಂದು ಸಲ ನೋಡುತ್ತಿದ್ದರು... ಆ ನೋಟ ನನಗೆ ಆಗ ತಿಳಿಯುತ್ತಿರಲಿಲ್ಲ. ಆಗಿನ್ನೂ ಹೊಸದಾಗಿ ಮದುವೆಯಾದವನು ನಾನು.

ಒಂದು ದಿನ ತ್ಯಾಪಿಗೆಂದು ತಗಡು ತರಲು ಮೋಡಕಾ ಅಂಗಡಿಗೆ ಹೋದ ಕಾಕಾ, ಕೈಗಾಡಿಯ ಮೇಲೆ ದೋಣಿ ಹೇರಿಕೊಂಡು ಬಂದರು. ಧಾರವಾಡದ ಕಡೆಯ ಯಾವುದೋ ಕೆರೆಯಲ್ಲಿ ಮೀನಿನ ಗುತ್ತಿಗೆ ಹಿಡಿದವರು ಹಳೆಯದಾಯಿತೆಂದು ಹಾಕಿದ್ದ ದೋಣಿ. ಎಲ್ಲಿ ನೋಡಿದರೂ ತಗ್ಗು, ರಿವೆಟ್ಟುಗಳೆಲ್ಲ ಸಡಿಲ. ಓಣಿಗೆ ಓಣಿಯೇ ಹೊರಗೆ ಬಂತು.

"ಕಾಕಾ, ಇದನ್ನೇನ್ ಮಾಡವ್ರು? ಇದರಾಗ ಹೋಳಿಗಿ ಹೂರಣ ಕುದಸ್ತೀರೇನ್ರಿ?" ಎಂದೆ.

"ಜರ್ಮನ್ ಐತಿಲ್ಲೋ? ಅಂದಮ್ಯಾಲ ಇದೂ ಒಂದು ದೊಡ್ಡ ಪಾತೇಲಿ ಅಷ್ಟ. ರಿಪೇರಿ ಮಾಡ್ತೇನಿ" ಎಂದರು. ಅಲ್ಯೂಮಿನಿಯಂ ಪಾತ್ರೆಗೆ ನಮ್ಮ ಕಡೆ ಜರ್ಮನ್ ಪಾತ್ರೆ ಎನ್ನುತ್ತಾರೆ. ಹಿತ್ತಾಳೆಯಲ್ಲದ, ತಾಮ್ರವಲ್ಲದ ಆ ಬಿಳಿ ಲೋಹ ಯಾವ ಆಕಾರದಲ್ಲಿದ್ದರೂ ಕಾಕಾನಿಗೆ ಅದು ಪಾತ್ರೆಯೇ.

ಬಡಿದು ಬಡಿದು ಹದಿನೈದು ದಿನದಲ್ಲಿ ತಗ್ಗುಗಳನ್ನೆಲ್ಲ ತೆಗೆದರು. ಉಳಿದದ್ದು ತೂತು ಹುಡುಕುವುದು. ಅಲ್ಲಿಯೇ ನಮ್ಮಿಬ್ಬರಿಗೂ ಜಗಳ ಬಿದ್ದದ್ದು. ನಾನು ಪಂಕ್ಚರ್ ತೆಗೆಯುವವನು. ನನ್ನ ಪ್ರಕಾರ ವಸ್ತುವನ್ನು ನೀರಿನಲ್ಲಿ ಮುಳುಗಿಸಬೇಕು. ಅವರು ಪಾತ್ರೆಯವರು, ಅವರ ಪ್ರಕಾರ ನೀರನ್ನು ವಸ್ತುವಿನಲ್ಲಿ ತುಂಬಬೇಕು, ತುಂಬಿ ಹೊರಗೆ ಎಲ್ಲಿ ಬೆವರುತ್ತದೆ ಎಂದು ನೋಡಬೇಕು.

"ಕಾಕಾ, ದೋಣಿಗೆ ನೀರು ಹೊರಗಿರಬೇಕ್ರಿ, ಒಳಗಲ್ಲ!"

"ಹೌದಪಾ ಶಾಣ್ಯಾ. ತೂತಿಗೇನ್ ಗೊತ್ತು, ನೀರು ಯಾವ ಕಡಿ ಐತಿ ಅಂತ?"

ನಾನು ಮನೆಗೆ ಹೋಗಿ ಇದ್ದ ಕೊಡಗಳನ್ನೆಲ್ಲ ಹೊರಗೆ ತಂದಿಟ್ಟೆ.

ಹೀಗೆ ಒಂದು ಬೆಳಿಗ್ಗೆ, ನಳಕ್ಕೆ ನೀರು ಬರುವ ದಿನವೇ, ಕಮರಿಪೇಟೆಯ ಓಣಿಯಲ್ಲಿ ನಾಲ್ಕು ಕಲ್ಲಿನ ಕಂಬಗಳ ಮೇಲೆ ದೋಣಿಯನ್ನು ಏರಿಸಿ, ಅದರೊಳಗೆ ಕೊಡ ಕೊಡ ನೀರು ಸುರಿದೆವು. "ಮಂದಿಗೆ ಕುಡ್ಯಾಕ ನೀರಿಲ್ಲ, ಇವ್ರು ದೋಣಿಗೆ ನೀರ ಕುಡಸಾಕತ್ತಾರ" ಎಂದು ಎದುರು ಮನೆಯ ಅಜ್ಜಿ ಕೂಗಾಡಿದಳು. ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿ ತೀರ್ಪು ಕೊಟ್ಟರು. "ಒಂದ್ ತಾಸು ತಡಕೋರಿ. ಇವರ ಕೆಲಸ ಮುಗೀತಂದ್ರ ಎಲ್ಲಾರೂ ನಿಮ್ಮ ನಿಮ್ಮ ಕೌದಿ ತರ್ರಿ, ಇದರಾಗ ಒಗಿಯೂಣಂತ." ಅಜ್ಜಿ ತಕ್ಷಣ ಒಳಗೆ ಓಡಿದಳು. ಅವಳ ಮನೆಯಲ್ಲಿ ಆರು ಕೌದಿಗಳಿದ್ದವು.

ಕಾಕಾ ಮತ್ತು ನಾನು ದೋಣಿಯ ಕೆಳಗೆ ಅಂಗಾತ ಮಲಗಿದೆವು. ಅವರ ಎದೆಯ ಮೇಲೆ ಎಲೆಯಡಿಕೆಯ ಸುಣ್ಣದ ಡಬ್ಬಿ. ಎಲ್ಲಿ ಹನಿ ಒಸರುತ್ತದೋ ಅಲ್ಲಿ ಬೆರಳಿನಿಂದ ಸುಣ್ಣದ ಗುರುತು. ಒಂದು ಹನಿ ಅವರ ಮೂಗಿನ ಮೇಲೆ ಬಿತ್ತು, ಇನ್ನೊಂದು ನನ್ನ ಕಣ್ಣಿಗೆ. ತಲೆಯ ಮೇಲೆ ಅಷ್ಟೊಂದು ನೀರು ಹೊತ್ತುಕೊಂಡು, ಆ ತಣ್ಣನೆಯ ನೆರಳಿನಲ್ಲಿ, ಎರಡು ಮಕ್ಕಳ ಹಾಗೆ ನಾವು... ಆಗ ನನ್ನ ತಲೆಯೊಳಗಿನ ಮಂಗ ಎದ್ದು ಕೂತಿತು. ಕಾಕಾ ಆ ತುದಿಗೆ ಹೊರಳಿದಾಗ ನಾನು ಬೆರಳು ಒದ್ದೆ ಮಾಡಿಕೊಂಡು, ಕೂರುವ ನಡುವಿನ ಹಲಗೆಯ ಕೆಳಗೆ, ಸೋರದೆ ಗಟ್ಟಿಯಾಗಿದ್ದ ಜಾಗದಲ್ಲಿ ಸಾಲಾಗಿ ಮೂರು ಹನಿ ಇಟ್ಟೆ.

ಕಾಕಾ ಬಂದರು. ಮೂರು ಹನಿಗಳನ್ನು ಹೆಬ್ಬೆರಳಿನಿಂದ ಒರೆಸಿದರು. ಒಂದು ಚಿಟಿಕೆ ನಶ್ಯ ಏರಿಸಿದರು. ಸ್ವಲ್ಪ ಹೊತ್ತು ಸುಮ್ಮನೆ ಮಲಗಿ ಮೇಲೆ ನೋಡಿದರು. ಆಮೇಲೆ ಮೂರಕ್ಕೂ ಸುಣ್ಣ ಹಚ್ಚಿ, "ಇಲ್ಲೂ ಐತಿ" ಎಂದರು. ನಾನು ನಗು ತಡೆಯಲಿಕ್ಕೆ ನಾಲಿಗೆ ಕಚ್ಚಿಕೊಂಡೆ.

ಅಂದು ಸಂಜೆಯ ಹೊತ್ತಿಗೆ ಇಡೀ ಓಣಿಗೆ ಗೊತ್ತಿತ್ತು, ಚಹಾದಂಗಡಿಯಲ್ಲಿ ನಾನೇ ಸಾರಿದ್ದೆ. ಗೊತ್ತಿಲ್ಲದವರು ಕಾಕಾ ಒಬ್ಬರೇ ಎಂದುಕೊಂಡಿದ್ದೆ.

ಬರುವ ರವಿವಾರ ಕೆರೆಗೆ ಒಯ್ಯುವುದು ಎಂದು ಮೊದಲೇ ಮಾತಾಗಿತ್ತು. ಕಾಕು ಕೆರೆಯ ತಾಯಿ ಗಂಗವ್ವನ ಉಡಿ ತುಂಬಲಿಕ್ಕೆ ಹಸಿರು ಖಣ ತಂದಿಟ್ಟಿದ್ದರು. ಆದರೆ ಕಾಕಾ, "ಈ ರವಿವಾರ ಆಗೂದಿಲ್ಲ, ತ್ಯಾಪಿ ಕೆಲಸ ಭಾಳ ಐತಿ. ಮುಂದಿನ ರವಿವಾರ ಹೋಗೂಣು" ಎಂದರು. ಹೋಗಲಿ, ಒಂದು ವಾರ ತಾನೇ...

ಆ ಮುಂದಿನ ರವಿವಾರ ಬರುವುದಕ್ಕೆ ಎರಡು ದಿನ ಮೊದಲು ಕಾಕು ಅಂಗಳ ಗುಡಿಸುತ್ತ ಎದೆ ಹಿಡಿದುಕೊಂಡು ಕುಳಿತರು. ಏಳಲಿಲ್ಲ.

ಉಡಿ ತುಂಬಲು ತಂದ ಖಣವನ್ನು ಅವರ ಮೇಲೆಯೇ ಹೊದಿಸಿದೆವು. ಕಾಕಾ ಅಳಲಿಲ್ಲ. ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿ ಕುಳಿತಿದ್ದರು, ಎರಡೂ ಕೈಯಿಂದ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು. ಅದನ್ನು ನೋಡಿ ನಾನು ಹಿತ್ತಲಿಗೆ ಹೋದೆ.

ಅಂದಿನಿಂದ ಒಂದು ಲೆಕ್ಕ ನನ್ನ ತಲೆಯೊಳಗೆ ಹೊಕ್ಕಿತು. ಇಲ್ಲದ ಮೂರು ತೂತು. ಅವಕ್ಕೆ ಇಷ್ಟು ದಿನ. ಆ ದಿನಗಳು ಉಳಿದಿದ್ದರೆ ಮೊದಲ ರವಿವಾರವೇ ದೋಣಿ ನೀರಿಗಿಳಿಯುತ್ತಿತ್ತು, ಕಾಕು ಅದರಲ್ಲಿ ಕೂರುತ್ತಿದ್ದರು, ಕಾಕಾ ಕಣ್ಣು ತೆರೆದು ಹುಟ್ಟು ಹಾಕುತ್ತಿದ್ದರು. ಊರಿಗೆಲ್ಲ ಸಾರಿದ ಆ ಚೇಷ್ಟೆಯನ್ನು ಮತ್ತೆ ನಾನು ಯಾರ ಮುಂದೆಯೂ ಹೇಳಲಿಲ್ಲ. ಕಾಕಾನ ಮುಂದೆ ಒಪ್ಪಿಕೊಳ್ಳಲೂ ಇಲ್ಲ. ಎಷ್ಟೋ ಸಲ ಬಾಯಿಯ ತನಕ ಬಂದು ತಿರುಗಿ ಹೋಯಿತು.

ಕೆಲವು ವರ್ಷಗಳ ಮೇಲೆ ಕಾಕಾ ಅಂಗಡಿ ಮುಚ್ಚಿ ರಾಯಾಪುರದಲ್ಲಿದ್ದ ತಮ್ಮನ ಮನೆಗೆ ಹೋದರು. ಹೋಗುವಾಗ ದೋಣಿಯನ್ನು ನನ್ನ ಹಿತ್ತಲಿಗೆ ತಳ್ಳಿಸಿದರು. "ನೀ ಇಟ್ಕೋ ಮಂಗ್ಯಾ. ನೀರಿಗೆ ಬಿಡು" ಎಂದರು. ಅದು ಬೋರಲಾಗಿ ಬಂತು, ಬೋರಲಾಗಿಯೇ ಕುಳಿತಿತು. ಅದರ ಒಳಗನ್ನು ನಾನು ನೋಡಲಿಲ್ಲ. ಆ ತ್ಯಾಪಿಗಳ ಮುಖ ನೋಡುವುದು ನನಗೆ ಬೇಕಿರಲಿಲ್ಲ.

ಆಮೇಲೆ ಅವರು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬಸ್ಸು ಹತ್ತಿ ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ಮೊದಲ ಪ್ರಶ್ನೆ ಯಾವಾಗಲೂ ಒಂದೇ.

"ದೋಣಿ ನೀರಿಗೆ ಬಿಟ್ಟಿಯೇನೋ?"

"ಇಲ್ರಿ ಕಾಕಾ, ಪುರಸೊತ್ತ ಆಗಿಲ್ಲ."

"ಬಿಡೋ, ಲಗೂ ಬಿಡು" ಎಂದು ನನ್ನ ಮುಖವನ್ನೇ ನೋಡುತ್ತಿದ್ದರು. ಇವರಿಗೆ ಎಲ್ಲ ಗೊತ್ತಿದೆ, ಬೈಯುವ ಬದಲು ಹೀಗೆ ಚುಚ್ಚುತ್ತಿದ್ದಾರೆ ಎಂದುಕೊಂಡೆ.

ಕೊನೆಯ ಸಲ ನೋಡಿದ್ದು ರಾಯಾಪುರದ ಮನೆಯಲ್ಲಿ, ಹಾಸಿಗೆ ಹಿಡಿದಾಗ. ಕೊಡತಿ ಹಿಡಿದ ಕೈ ಒಣಗಿ ಕಡ್ಡಿಯಾಗಿತ್ತು. ಆಗಲೂ ಅದೇ ಪ್ರಶ್ನೆ. ಇಲ್ಲ ಎನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ. "ಬಿಟ್ಟೆ ಕಾಕಾ" ಎಂದೆ.

ಅವರ ಕಣ್ಣುಗಳು ಹೊಳೆದವು. ದಿಂಬಿನ ಮೇಲೆ ಸ್ವಲ್ಪ ಮೇಲೆದ್ದರು. "ಖರೇನ? ಮತ್ತ... ನಡುವಿನ ಹಲಗಿ ಮ್ಯಾಲ ಕುಂತಿದ್ದಿಯೇನು? ಕಾಲಬುಡಕ ನೋಡಿದಿಯೇನು?"

"ಹೂನ್ರಿ. ಛಲೋ ತೇಲಿತು. ಒಂದ್ ಹನಿ ನೀರ ಒಳಗ ಬರಲಿಲ್ಲ."

ಅವರು ಕಾದರು. ನಾನು ಇನ್ನೂ ಏನೋ ಹೇಳುತ್ತೇನೆ ಎನ್ನುವ ಹಾಗೆ ಕಾದರು... ಆಮೇಲೆ ನಿಧಾನವಾಗಿ ದಿಂಬಿಗೆ ಒರಗಿ, "ಇರ್ಲಿ ಬಿಡು" ಎಂದರು. ಅವರು ನನಗೆ ಆಡಿದ ಕೊನೆಯ ಮಾತು ಅದು.

ಇದೆಲ್ಲ ಆಗಿ ಎಷ್ಟೋ ವರ್ಷಗಳಾದವು. ಹೋದ ತಿಂಗಳು ಹಿತ್ತಲಿನಲ್ಲಿ ಆ ವಾಸನೆ ಎದ್ದು ನಾನು ಕಪ್ಪು ಹಿಡಿದು ನಿಂತ ದಿನ, ಸಂಜೆಗೆ ಹೊರಮೈ ತಿಕ್ಕಿ ಮುಗಿಯಿತು. ಮರುದಿನ ಅಳಿಯಂದಿರು, ಮಗಳು, ನಾನು ಸೇರಿ ದೋಣಿಯನ್ನು ಮಗುಚಿದೆವು. ಒಳಗೆಲ್ಲ ನಲವತ್ತು ವರ್ಷದ ಒಲೆಯ ಮಸಿ. ಕಾಕಾನ ಎರಡು ತ್ಯಾಪಿಗಳು ಸಡಿಲಾಗಿದ್ದವು. ಅವುಗಳ ಕೆಳಗೆ ಸೈಕಲ್ ಟ್ಯೂಬಿನ ರಬ್ಬರು ಕೊಟ್ಟು ಹೊಸ ರಿವೆಟ್ ಹೊಡೆದೆ. ಅಲ್ಯೂಮಿನಿಯಂ ದೋಣಿಗೆ ಪಂಕ್ಚರ್ ತೆಗೆದ ಗಂಡಸು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಎಂದು ಅಳಿಯಂದಿರಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಹೆಂಡತಿ ಕೂಗಿದಳು.

"ಅಲ್ರೀ, ಈ ತ್ಯಾಪಿಗೆ ರಿವೆಟ್ಟ ಇಲ್ಲ ನೋಡ್ರಿ. ಬರೇ ರಾಳ ಹಾಕಿ ಅಂಟಿಸ್ಯಾರ."

ನಡುವಿನ ಹಲಗೆಯ ಕೆಳಗೆ, ಅಂಗೈಯಷ್ಟು ಅಗಲದ ಒಂದು ತ್ಯಾಪಿ. ನನ್ನ ಮೂರು ಹನಿ ಇಟ್ಟ ಜಾಗ. ಅವಳು ಇನ್ನಷ್ಟು ಹುಣಸೆಹಣ್ಣು ಹಾಕಿ ತಿಕ್ಕಿದಳು. ಮಸಿಯ ಕೆಳಗಿನಿಂದ ಚುಕ್ಕಿಗಳು ಎದ್ದವು. ಚುಕ್ಕಿ ಸೇರಿ ಅಕ್ಷರವಾದವು, ಎಲ್ಲವೂ ಸ್ವಲ್ಪ ಎಡಕ್ಕೆ ವಾಲಿದವು.

"ಅಯ್ಯ, ಇದು ನಮ್ಮ ಕಾಕಾನ ಕೈ! ನನ್ನ ಕೊಡದ ಮ್ಯಾಲಿನ ಅಕ್ಷರ ಇದ್ದಾಂಗ ಅದಾವ" ಎಂದಳು.

ಮಗಳು ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಇಲ್ಲಿ ಸೋರೂದಿಲ್ಲ ಮಂಗ್ಯಾ. ಬೆರಳ ಒರಸ್ಕೋ."

ಮಗಳಿಗೆ ಏನೂ ತಿಳಿಯಲಿಲ್ಲ. "ಮಂಗ್ಯಾ ಅಂದ್ರ ಯಾರಪಾ?" ಎಂದಳು. ನಾನು ನಕ್ಕೆ. ನಗುತ್ತ ನಗುತ್ತ ಒಲೆಯ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ.

ಗೊತ್ತಿತ್ತು ಅವರಿಗೆ, ಅವತ್ತೇ. ನಿಜವಾದ ತೂತಿನ ಹನಿ ಒರೆಸಿದರೆ ಮತ್ತೆ ಬರುತ್ತದೆ, ಸುಳ್ಳು ಹನಿ ಬರುವುದಿಲ್ಲ. ಅದಕ್ಕೇ ಹೆಬ್ಬೆರಳಿನಿಂದ ಒರೆಸಿ, ನಶ್ಯ ಏರಿಸಿ, ಕಾದರು. ಸಾವಿರ ಪಂಕ್ಚರ್ ತೆಗೆದ ನನಗೆ ಇಷ್ಟು ಹೊಳೆಯಲಿಲ್ಲ! ಹೊಳೆದದ್ದನ್ನು ಬಾಯಿ ಬಿಡದೆ ಸುಣ್ಣ ಹಚ್ಚಿದರು, ತಗಡು ಕತ್ತರಿಸಿದರು, ಕುಳಿತು ಚುಕ್ಕಿ ಹೊಡೆದರು. ದೋಣಿ ನೀರಿಗಿಳಿಯುವ ದಿನ ನನ್ನನ್ನು ನಡುವಿನ ಹಲಗೆಯ ಮೇಲೆ ಕೂರಿಸಬೇಕು, ನೀರಿನ ನಡುವೆ ಹೋದ ಮೇಲೆ, ಓಡಲಿಕ್ಕೆ ಎಲ್ಲಿಯೂ ಜಾಗವಿಲ್ಲದಾಗ, ನಾನು ಕಾಲ ಬುಡಕ್ಕೆ ನೋಡಬೇಕು. ಜೀವನದಲ್ಲಿ ಒಂದೇ ಒಂದು ಸಲ ಅವರು ನನಗೆ ತಿರುಗಿಸಿ ಕೊಡಲು ಹೊರಟದ್ದು.

ಆ ರವಿವಾರ ಬರಲಿಲ್ಲ. ಆದರೂ ಬಿಡಲಿಲ್ಲ ಆ ಮನುಷ್ಯ. ದೋಣಿ ನನಗೇ ಕೊಟ್ಟು, ಬಸ್ಸು ಹತ್ತಿ ಬಂದು ಬಂದು ಕೇಳಿದರು. ಅದು ಚುಚ್ಚುವ ಮುಖವಾಗಿರಲಿಲ್ಲ. ಕಿಟ್ಲಿಯಲ್ಲಿ ಛರ್ರಾ ಹಾಕಿಟ್ಟು ಗೋಡೆಯ ಸಂದಿಯಿಂದ ಇಣುಕುವವನ ಮುಖ. ಆ ಮುಖ ಇನ್ನಾರಿಗೆ ಗೊತ್ತಿರದಿದ್ದರೂ ನನಗೆ ಗೊತ್ತಿರಬೇಕಿತ್ತು. ಅದು ನನ್ನದೇ ಮುಖ. ಕೊನೆಗೆ ಹಾಸಿಗೆಯಲ್ಲೂ ತಮ್ಮ ಚೇಷ್ಟೆಯ ಫಲ ಕೇಳಲು ಕಾದವರಿಗೆ ನಾನು ಕೊಟ್ಟದ್ದು ಒಂದು ಒಣ ಸುಳ್ಳು.

ಆ ಮೊದಲ ರವಿವಾರ ತಪ್ಪಿದ್ದು ನನ್ನಿಂದಲೋ ಅಲ್ಲವೋ, ಈಗ ಹೇಳುವವರಿಲ್ಲ. ನಿಜವಾದ ತ್ಯಾಪಿಗಳೇ ಬಹಳ ಇದ್ದವು, ಅದೂ ಖರೆ. ಅಂಗೈಯಷ್ಟು ತಗಡಿನ ಮೇಲೆ ಅಷ್ಟು ಅಕ್ಷರ ಹೊಡೆಯಲು ಅವರಿಗೆ ಒಂದು ಸಂಜೆ ಹಿಡಿದಿರಬೇಕು, ಅದೂ ಖರೆ. ಆ ಸಂಜೆ ಕಾಕು ಪಕ್ಕದಲ್ಲಿ ಕುಳಿತು ನೋಡಿ ನಕ್ಕಿರಬಹುದು. ಹಾಗೆಂದುಕೊಳ್ಳಲು ನನಗೆ ಆಸೆ...

ಮೊನ್ನೆ ರವಿವಾರ ಟಂಟಂ ಗಾಡಿಯ ಮೇಲೆ ದೋಣಿ ಹೇರಿ, ಧಾರವಾಡ ದಾಟಿ, ಅಳಿಯಂದಿರ ಗೆಳೆಯರ ಊರಿನ ಕೆರೆಗೆ ಹೋದೆವು. ಪರವಾನಗಿ ಅಳಿಯಂದಿರೇ ತಂದಿದ್ದರು, ಬರವಣಿಗೆಯಲ್ಲಿ. ಎಲ್ಲರ ಸೊಂಟಕ್ಕೂ ನನ್ನ ಅಂಗಡಿಯ ಗಾಳಿ ತುಂಬಿದ ಟ್ಯೂಬು. ನಮ್ಮಾಕೆ ದಂಡೆಯಲ್ಲಿ ಅರಿಷಿಣ ಕುಂಕುಮ ಹಚ್ಚಿ, ಹಸಿರು ಖಣ ಇಟ್ಟು ಗಂಗವ್ವನ ಉಡಿ ತುಂಬಿದಳು. "ಕಾಕುನ ಪಾಲಿಂದೂ ಸೇರಿಸೇನಿ" ಎಂದಳು, ಯಾರನ್ನೂ ನೋಡದೆ.

ದೋಣಿ ನೀರಿಗಿಳಿಯಿತು. ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ವಾಲಿ, ನೆಟ್ಟಗೆ ನಿಂತಿತು. ಊರಿನ ಮೀನುಗಾರರೊಬ್ಬರು ಹುಟ್ಟು ಹಿಡಿದರು. ಅಳಿಯಂದಿರು ಎರಡೂ ಕೈಯಿಂದ ದೋಣಿಯ ಅಂಚು ಹಿಡಿದು ಕಣ್ಣು ಮುಚ್ಚಿದ್ದರು. ಬೇರೆ ದಿನವಾಗಿದ್ದರೆ ಅವರನ್ನು ನಾನು ಜೀವಂತ ಬಿಡುತ್ತಿರಲಿಲ್ಲ. "ಅಳಿಯಾರ, ಕಣ್ ತಗೀರಿ. ತಗದು ನೋಡ್ರಿ, ಛಲೋ ಐತಿ" ಎಂದೆ, ಅಷ್ಟೇ.

ನಾನು ನಡುವಿನ ಹಲಗೆಯ ಮೇಲೆ ಕುಳಿತಿದ್ದೆ. ನೀರಿನ ನಡುವೆ ಬಂದ ಮೇಲೆ ಕಾಲ ಬುಡಕ್ಕೆ ನೋಡಿದೆ. ಬಿಸಿಲಿಗೆ ಚುಕ್ಕಿಗಳು ಮಿನುಗುತ್ತಿದ್ದವು. ತೀರಾ ತಡವಾಗಿ, ಕಾಕಾ, ನಿಮ್ಮ ಚೇಷ್ಟೆ ನನಗೆ ತಾಗಿತು... ಹುಬ್ಬಳ್ಳಿಯಲ್ಲಿ ನನ್ನನ್ನು ಗೆದ್ದ ಒಬ್ಬರೇ ಒಬ್ಬರು, ಗೆದ್ದದ್ದನ್ನು ನೋಡದೆ ಹೋದರು.

ಕೆರೆಯಲ್ಲಿ ಬೆರಳು ಅದ್ದಿದೆ. ಆ ತ್ಯಾಪಿಯ ಮೇಲೆ ಸಾಲಾಗಿ ಮೂರು ಹನಿ ಇಟ್ಟೆ. ಸುಣ್ಣ ಹಚ್ಚುವವರು ಯಾರೂ ಇರಲಿಲ್ಲ. ಹನಿಗಳು ಬಿಸಿಲಿಗೆ ಒಂದೊಂದಾಗಿ ಆರಿದವು.

ಬೆರಳು ಮಾತ್ರ ನಾನು ಒರೆಸಿಕೊಳ್ಳಲಿಲ್ಲ.